ಗಾಲ್ಫ್ ಟ್ಯಾಂಗೋ ಹೋಟೆಲ್

ಗೋವಿಂದ ತಿಮ್ಮಣ್ಣ ಹೆಗಡೆಯವರಿಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಆದರೆ ಯಾರಾದರೂ ಹೆಸರನ್ನು ಮೊಟಕು ಮಾಡಿದಾಗ ಬರುವ ಸಿಟ್ಟು ಬೇರೆಯದೇ ಜಾತಿಯದು. ಉಳಿದ ಸಿಟ್ಟುಗಳು ಒಂದು ಲೋಟ ಚಾ ಕುಡಿದರೆ ಇಳಿಯುತ್ತಿದ್ದವು. ಇದು ಚಾ ಕುಡಿದ ಮೇಲೆ ಇನ್ನೂ ಏರುತ್ತಿತ್ತು.

ಅವರು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಕಿಟಕಿಯ ಹಿಂದೆ ಕುಳಿತು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಮೈಕಿನಲ್ಲಿ ಕೂಗಿ ಹೇಳುವ ಕೆಲಸ. ಬೇರೆ ಕಂಟ್ರೋಲರುಗಳು ‘ಶಿರಸಿ, ಶಿರಸಿ, ಶಿರಸಿ’ ಎಂದು ಕೂಗಿ ಮುಗಿಸಿದರೆ, ಇವರು ‘ಯಲ್ಲಾಪುರದಿಂದ ಹೊರಟು, ಮಂಚಿಕೇರಿ ಮಾರ್ಗವಾಗಿ ಶಿರಸಿ ತಲುಪಿ, ಅಲ್ಲಿಂದ ಮುಂದೆ ಸಿದ್ದಾಪುರಕ್ಕೆ ತೆರಳಲಿರುವ ವಾಹನವು’ ಎಂದು ಶುರುಮಾಡುತ್ತಿದ್ದರು. ‘ವಾಹನವು’ ಎನ್ನುವ ಹೊತ್ತಿಗೆ ವಾಹನವು ಹೋಗಿ ಆಗಿರುತ್ತಿತ್ತು. ಬಸ್ಸು ತಪ್ಪಿಸಿಕೊಂಡವರು ಬಂದು ಕಿಟಕಿ ಬಡಿದರೆ, ‘ಹೆಸರು ಅರ್ಧ ಹೇಳಿ ನಿಮ್ಮನ್ನೂ ಅರ್ಧ ದಾರಿಗೆ ಕಳಿಸಲೇನು?’ ಎಂದು ಮೈಕಿನಲ್ಲೇ ಗದರುತ್ತಿದ್ದರು.

ನಿವೃತ್ತರಾಗಿ ಹುಣಸೆಕಟ್ಟೆ ಕ್ರಾಸಿನ ಮನೆಗೆ ಬಂದರು. ದಾಸನಕೊಪ್ಪ ದಾಟಿ ಬನವಾಸಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಊರಿನವರು ಅವರ ಅಷ್ಟುದ್ದದ ಹೆಸರನ್ನು ‘ಕಂಟ್ರೋಲು’ ಎಂದು ಒಂದೇ ಪದಕ್ಕೆ ಇಳಿಸಿಬಿಟ್ಟರು. ಅವರು ಸಿಟ್ಟಿನಿಂದ ಕೂಗಾಡಿದರೆ ‘ಕಂಟ್ರೋಲು ತಪ್ಪಿತು’ ಎಂದರು. ಅದಕ್ಕೆ ಇನ್ನಷ್ಟು ಕೂಗಾಡಿದರು. ಊರಿಗೆ ಇನ್ನಷ್ಟು ಖುಷಿಯಾಯಿತು.

ಹೆಸರಿನ ಮೇಲೆ ಇಷ್ಟು ಅಭಿಮಾನವಿದ್ದ ಮನುಷ್ಯ ತನ್ನ ಹೆಂಡತಿಯನ್ನು ಮಾತ್ರ ಮದುವೆಯಾದ ದಿನದಿಂದ ‘ಏ ಇದೇ’ ಎಂದು ಕರೆಯುತ್ತಿದ್ದ. ಆಕೆಯ ಹೆಸರು ಲಕ್ಷ್ಮೀ ಎಂಬುದನ್ನು ನೆಂಟರೆಲ್ಲ ಲಗ್ನಪತ್ರಿಕೆಯಲ್ಲಿ ಒಮ್ಮೆ ಓದಿದ್ದರು, ಊಟ ಮಾಡಿ ಮರೆತಿದ್ದರು.

ಹೆಗಡೆಯವರ ತಾಯಿಯದೂ ಅದೇ ಕಥೆ. ಮನೆಯಲ್ಲಿ ಆಯಿ, ಊರಿಗೆ ‘ಹೆಗಡೇರ ಅಬ್ಬೆ’. ಆಕೆಯ ತವರು ವಾನಳ್ಳಿ. ತವರಿಗೆ ಹೋಗುವ ಪ್ರತಿ ಸಲವೂ ಆಕೆ ಹುಣಸೆಕಟ್ಟೆ ಕ್ರಾಸಿನಲ್ಲಿ ನಿಂತೇ ಬಸ್ಸು ಕಾಯಬೇಕಾಗಿತ್ತು. ಕೂರಲು ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಮಗ ಯಲ್ಲಾಪುರದಲ್ಲಿ ಊರಿನ ಬಸ್ಸುಗಳನ್ನೆಲ್ಲ ಕರೆಯುತ್ತಿದ್ದಾಗ, ತಾಯಿ ಇಲ್ಲಿ ಬಿಸಿಲಿನಲ್ಲಿ ಸೆರಗು ತಲೆಗೆ ಹಾಕಿಕೊಂಡು ಬಾರದ ಬಸ್ಸಿನ ದಾರಿ ನೋಡುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ವರ್ಷಾಂತಿಕ ಮುಗಿಸಿದ ಹೆಗಡೆಯವರು ಪಂಚಾಯ್ತಿಯಿಂದ ಕ್ರಾಸಿನಲ್ಲಿ ಜಾಗ ಕೇಳಿ, ಪ್ರಯಾಣಿಕರ ತಂಗುದಾಣ ಕಟ್ಟಿಸಿದರು. ನಾಲ್ಕು ಕಂಬ, ತಗಡಿನ ಮಾಡು, ಒಂದು ಕಲ್ಲು ಬೆಂಚು. ಚಾ ಅಂಗಡಿಯ ಹೊನ್ನ ತಾನಾಗಿ ಬಂದು ಮಣ್ಣು ಹೊತ್ತ. ಇನ್ನು ಮಾಡಿನ ಮುಂಭಾಗದ ಸಿಮೆಂಟು ಪಟ್ಟಿಯ ಮೇಲೆ ಹೆಸರು ಬರೆಸುವುದೊಂದು ಬಾಕಿ. ಬದುಕಿರುವ ತನಕ ಯಾರೂ ಕರೆಯದಿದ್ದ ಆ ಹೆಸರು ಈಗಲಾದರೂ ಹೋಗಿ ಬರುವ ಬಸ್ಸುಗಳಿಗೆಲ್ಲ ಕಾಣಬೇಕು. ಹೆಗಡೆಯವರ ಆಸೆ ಅಷ್ಟೇ. ಭಾನುವಾರ ಉದ್ಘಾಟನೆ ಎಂದು ನಿಗದಿಯಾಯಿತು.

ಅದೇ ವಾರ ಮಗಳು ಅಭಿಜ್ಞಾ ರಜೆಗೆ ಬಂದಳು. ಅವಳು ಬೆಳಗಾವಿ ಕಡೆ ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಹೆಗಡೆಯವರು ಅವಳನ್ನು ತೆಳ್ಳೇವು ದೋಸೆಯ ತಟ್ಟೆಯ ಮುಂದೆ ಕೂರಿಸಿ ವಿಚಾರಣೆಗೆ ತೊಡಗಿದರು.

‘ಮೇಲೆ ಹೋದಾಗ ವಿಮಾನ ನಿಲ್ದಾಣದ ಟವರಿನವು ಯಾರು ಹೇಳಿ ಕೇಳಿದ್ರೆ ಎಂತ ಹೇಳ್ತೆ?’

‘ವಿಕ್ಟರ್ ಟ್ಯಾಂಗೋ ಲಿಮಾ ಮೈಕ್ ಎಕೋ ಹೇಳ್ತಿ, ಅಪ್ಪಾ.’

‘ಇವೆಲ್ಲ ಯಾರು? ನಿನ್ನ ಜೊತೆಗೆ ಹಾರುವವ್ವಾ?’

‘ಯಾರೂ ಅಲ್ಲ. ವಿಮಾನದ ನಂಬರು ಅದು. ಬಸ್ಸಿಗೆ ಇದ್ದಾಂಗೆ ಅದರ ಮೈಮೇಲೆ ಬರದಿರ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಹೆಸರು.’

‘ನಿನ್ನ ಹೆಸರು?’

‘ಅಲ್ಲಿ ಬೇಡ.’

‘ಅಪ್ಪನ ಹೆಸರು?’

‘ಬೇಡ ಅಪ್ಪಾ.’

‘ಯಾವ ಊರು, ಯಾರ ಮನೆ ಕೂಸು ಹೇಳಿ ಒಂದು ಮಾತೂ ಕೇಳದಿಲ್ಯ?’ ಹೆಗಡೆಯವರು ತಟ್ಟೆ ಸರಿಸಿದರು. ‘ಮರ್ಯಾದೆ ಇಲ್ಲದ ಜಾಗ! ನಾಳೆನೇ ಬಿಟ್ಟು ಬಾ.’

ಅಭಿಜ್ಞಾಳಿಗೆ ಅಪ್ಪನ ಸಿಟ್ಟಿನ ದಾರಿ ಗೊತ್ತಿತ್ತು. ‘ಆದ್ರೆ ಒಂದು ಕಾನೂನು ಇದ್ದು ಅಪ್ಪಾ. ಮೊದಲ ಸಲ ಕರೆಯಕ್ಕಾದ್ರೆ ಪೂರ್ತಿ ಹೇಳವು. ಮೊಟಕು ಮಾಡಲೆ ಇಲ್ಲೆ. ಟವರಿನವು ತಾವಾಗಿ “ವಿಕ್ಟರ್ ಮೈಕ್ ಎಕೋ” ಹೇಳಿ ಮೊಟಕು ಮಾಡಿದ್ರೆ ಮಾತ್ರ, ಆಮೇಲೆ ನಾವೂ ಮಾಡ್ಲಕ್ಕು.’

ಹೆಗಡೆಯವರು ತಟ್ಟೆಯನ್ನು ವಾಪಸ್ ಎಳೆದುಕೊಂಡರು.

‘ಅಕ್ಷರಕ್ಕೆ ಹೆಸರು ಎಂತಕ್ಕೆ?’

‘ರೇಡಿಯೋದಲ್ಲಿ ಗರಗರ ಹೇಳಿ ಸದ್ದು. ಬಿ, ಡಿ, ಜಿ, ಟಿ ಎಲ್ಲ ಒಂದೇ ನಮೂನೆ ಕೇಳ್ತು. ಅದಕ್ಕೆ ಜಿ ಅಂದ್ರೆ ಗಾಲ್ಫ್, ಟಿ ಅಂದ್ರೆ ಟ್ಯಾಂಗೋ, ಎಚ್ ಅಂದ್ರೆ ಹೋಟೆಲ್. ಕೇಳಿದವು ತಿರುಗಿ ಹೇಳವು. ಸರಿ ಇದ್ದಾ ನೋಡಿ, ಸರಿ ಹೇಳವು.’

ಹೆಗಡೆಯವರ ಮುಖ ಅರಳಿತು. ಸದಾ ಗಂಟಿಕ್ಕಿದ ಮುಖ ಅರಳಿದರೆ ನೋಡುವವರಿಗೆ ತುಸು ಹೆದರಿಕೆಯಾಗುತ್ತದೆ. ‘ಏ ಇದೇ! ಕೇಳ್ತಾ? ಆಕಾಶದಲ್ಲೂ ಎನ್ನದೇ ಕಾನೂನು!’

ಲಕ್ಷ್ಮೀ ಕಾವಲಿಯ ಮೇಲಿಂದ ತೆಳ್ಳೇವು ಎಬ್ಬಿಸುತ್ತ, ಮಗಳನ್ನು ಮಾತ್ರ ಕೇಳಿದಳು. ‘ಯಾರನ್ನ ಕರೀತಾ ಇದ್ದಿ ಹೇಳಿ ಮೊದಲು ತಿಳಿಸವು, ಹಾಂಗೆ ಇಲ್ಯನೇ ಕೂಸೇ, ಆ ಕಾನೂನಿನಲ್ಲಿ?’

‘ಇದ್ದು ಅಮ್ಮಾ. ಮೊದಲು ಟವರಿನ ಹೆಸರು, ಆಮೇಲೆ ನಮ್ಮದು.’

‘ಹೆಸರು ಹೇಳದೇ ಕರೆದ್ರೆ?’

‘ಯಾರೂ ಉತ್ತರ ಕೊಡದಿಲ್ಲೆ.’

‘ಹೌದಾ’ ಎಂದು ಲಕ್ಷ್ಮೀ ಕಾದ ಕಾವಲಿಗೆ ನೀರು ಚಿಮುಕಿಸಿದಳು. ಚುಂಯ್ ಎಂಬ ಸದ್ದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೇಳಿತು. ಹೆಗಡೆಯವರು ಅದನ್ನು ಕಾವಲಿಯ ಸದ್ದೆಂದೇ ತಿಳಿದರು.

ಅಂದಿನಿಂದ ಹುಣಸೆಕಟ್ಟೆಯಲ್ಲಿ ಆಕಾಶದ ಕಾನೂನು ಜಾರಿಗೆ ಬಂದಿತು. ಸಿದ್ದಾಪುರದಿಂದ ಲಕ್ಷ್ಮಿಯ ಅಣ್ಣ ಫೋನು ಮಾಡಿ ‘ಭಾವಾ, ಆನು’ ಎಂದದ್ದೇ ತಡ, ‘ಆನು ಅಂದ್ರೆ ಯಾರು? ಪೂರ್ತಿ ಹೇಳು! ಮೊದಲು ಎನ್ನ ಹೆಸರು, ಆಮೇಲೆ ನಿನ್ನ ಹೆಸರು!’ ಎಂದು ಗದರಿ ಫೋನು ಇಟ್ಟರು. ಚಾ ಅಂಗಡಿಗೆ ಹೋಗಿ ಹೊನ್ನನಿಗೂ ಅದನ್ನೇ ಹೇಳಿದರು.

‘ಚಾ ಕುಡ್ಯಾಕ ಬಂದವ್ರು ನೀವು’ ಎಂದ ಹೊನ್ನ. ‘ನನ್ನ ವಂಶಾವಳಿ ಕೇಳಾಕ ಹತ್ತೀರಲ್ರೀ? ಸಕ್ರಿ ಎಷ್ಟು ಹಾಕ್ಲಿ, ಅದನ್ನ ಹೇಳ್ರಿ.’

ಶನಿವಾರ ಸಂಜೆ ಶಿರಸಿಯಿಂದ ಮುಜೀಬ್ ಫೋನು ಮಾಡಿದ. ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಅವನದು ಒಳ್ಳೆಯ ಕೈ. ಆದರೆ ಹುಣಸೆಕಟ್ಟೆಯಲ್ಲಿ ಫೋನು ಕೇಳಬೇಕಾದರೆ ಅಂಗಳದ ಮೂಲೆಯಲ್ಲಿ, ಬಚ್ಚಲಿನ ಗೋಡೆಗೆ ಒರಗಿ, ಒಂದೇ ಕಾಲ ಮೇಲೆ ನಿಂತಂತೆ ನಿಲ್ಲಬೇಕು. ಹೆಗಡೆಯವರು ಹಾಗೆಯೇ ನಿಂತರು.

‘ಹೆಗಡೇರೆ, ಪಟ್ಟಿ ನೋಡಿ ಬಂದೆ. ಸಣ್ಣದು. ಪೂರ್ತಿ ಹೆಸರು, ಅದರ ಜೊತೆಗೆ ದಿವಂಗತ, ಶ್ರೀಮತಿ, ಸ್ಮರಣಾರ್ಥ, ತಂಗುದಾಣ ಅಂತೆಲ್ಲ ಬರೆದ್ರೆ ರೈಲು ಇದ್ದಂಗೆ ಆಗ್ತದೆ. ಬಸ್ಸಲ್ಲಿ ಹೋಗೋರಿಗೆ ಕಾಣಬೇಕು ಅಂದ್ರೆ ಮೊಟಕು ಮಾಡಬೇಕು.’

‘ಮೊಟಕು’ ಎಂಬ ಪದ ಕಿವಿಗೆ ಬಿದ್ದದ್ದೇ ಹೆಗಡೆಯವರು ಮುಜೀಬನ ಕಸುಬಿನಿಂದ ಹಿಡಿದು ಶಿರಸಿಯ ಬಣ್ಣದ ಅಂಗಡಿಗಳವರೆಗೆ ಎಲ್ಲವನ್ನೂ ಬೈದರು. ಬೈದು ಸುಸ್ತಾದ ಮೇಲೆ ಕಾನೂನು ನೆನಪಾಯಿತು. ಟವರಿನವರು ಮೊಟಕು ಮಾಡಬಹುದು. ಹುಣಸೆಕಟ್ಟೆಯಲ್ಲಿ ಟವರು ಯಾರು? ತಾವೇ. ಸರಿ, ಮೊದಲಕ್ಷರಗಳು ಮಾತ್ರ ಪಟ್ಟಿಯ ಮೇಲೆ ಇರಲಿ, ಪೂರ್ತಿ ಹೆಸರನ್ನು ಒಳಗಿನ ಗೋಡೆಗೆ ಆಮೇಲೆ ಬರೆಸಿದರಾಯಿತು ಎಂದು ತೀರ್ಮಾನಿಸಿದರು.

‘ಬರಕೊ. ಜಿ, ಟಿ, ಎಚ್.’

‘ಏನು? ಡಿ, ಬಿ, ಎಚ್ಚಾ?’

‘ಜಿ! ಟಿ!’

‘ಬಿ, ಪಿ?’

ಹೆಗಡೆಯವರು ಕಣ್ಣು ಮುಚ್ಚಿ ಮಗಳ ಪಾಠ ನೆನೆದರು. ‘ಸರಿಯಾಗಿ ಕೇಳು. ಜಿ ಅಂದರೆ ಗಾಲ್ಫ್! ಟಿ ಅಂದರೆ ಟ್ಯಾಂಗೋ! ಎಚ್ ಅಂದರೆ ಹೋಟೆಲ್!’

ನೆಟ್‌ವರ್ಕು ತನಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಶಿರಸಿಗೆ ಕಳಿಸಿತು.

‘ಗಾಲ್ಫ್... ಟ್ಯಾಂಗೋ... ಹೋಟೆಲ್?’ ಎಂದ ಮುಜೀಬ್, ಸ್ವಲ್ಪ ತಡೆದು.

ತಿರುಗಿ ಹೇಳಿದ! ಯಾರೂ ಹೇಳಿಕೊಡದೆ ತಿರುಗಿ ಹೇಳಿದ! ಹೆಗಡೆಯವರಿಗೆ ಮುಜೀಬನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ‘ಸರಿ!’ ಎಂದು ಕೂಗಿ ಫೋನು ಇಟ್ಟರು.

ಬಟ್ಟೆ ಒಣಗಿಸುತ್ತಿದ್ದ ಲಕ್ಷ್ಮೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ‘ಅತ್ತೆ ಹೆಸರು ಬರೆಸ್ತಿ ಹೇಳಿ ಊರಿಗೆಲ್ಲ ಹೇಳಿದ್ರಿ. ಈಗ ಮೂರು ಇಂಗ್ಲಿಷ್ ಅಕ್ಷರ. ಯಾರಿಗೆ ಗೊತ್ತಾಗ್ತು ಅದು ಅತ್ತೆ ಹೇಳಿ?’

‘ಏ ಇದೇ, ನಿಂಗೆ ಇದೆಲ್ಲ ತಿಳೀತಿಲ್ಲೆ. ಸುಮ್ಮಂಗಿರು.’

ಲಕ್ಷ್ಮೀ ಒದ್ದೆ ಪಂಚೆಯೊಂದನ್ನು ಹಿಡಿದು ಒದರಿದ ರಭಸಕ್ಕೆ ತಂತಿಯ ಮೇಲಿನ ಕಾಗೆ ಹಾರಿಹೋಯಿತು.

ಭಾನುವಾರ ಬೆಳಿಗ್ಗೆ ಹೆಗಡೆಯವರು ಮಡಿಚಿಟ್ಟ ಶಲ್ಯ ಕೊಡವುತ್ತಿದ್ದಾಗ ಹೊನ್ನ ಅಂಗಳಕ್ಕೆ ನುಗ್ಗಿದ. ಕೈಯಲ್ಲಿ ಚಾ ಸೋಸುವ ಬಟ್ಟೆ, ಅದರಿಂದ ತೊಟ್ಟಿಕ್ಕುವ ಚಾ.

‘ಕಂಟ್ರೋಲು! ಹೊರಗ ಬರ್ರಿ!’

‘ಪೂರ್ತಿ ಹೆಸರು ಹೇಳಿ ಕರಿ!’

‘ಹೆಸರು ಹಾಳಾಗ್ಲಿ! ನನ್ನ ಅಂಗಡಿ ಎದುರಿಗೇ ಹೋಟೆಲ್ ತೆಗದೀರಲ್ರೀ? ತಾಯಿ ನೆನಪಿಗೆ ನೆರಳು ಮಾಡ್ತೀನಿ ಅಂದ್ರಿ. ನಾ ಹುಚ್ಚ, ಬಂದು ಮಣ್ಣು ಹೊತ್ತೆ. ನನ್ನ ಹೊಟ್ಟಿ ಮ್ಯಾಲೆ ನಾನೇ ಮಣ್ಣು ಹಾಕ್ಕೊಂಡೆ!’

‘ಯಾವ ಹೋಟೆಲ್ಲೋ?’

‘ಯಾವ ಹೋಟೆಲ್ ಅಂತ ನನ್ನ ಕೇಳ್ತಾರ ನೋಡ್ರಿ! ಚಾ ಕಪ್ಪಿನ ಚಿತ್ರಾನೂ ಬರಿಸ್ಯಾರ, ಹೊಗಿ ಸಮೇತ!’

ಹೆಗಡೆಯವರು ಶಲ್ಯ ಹೆಗಲಿಗೆ ಹಾಕಿ ಓಡಿದರು. ಹಿಂದೆ ಅಭಿಜ್ಞಾ, ಅವಳ ಹಿಂದೆ ಬಾಗಿಲು ಎಳೆದುಕೊಂಡು ಲಕ್ಷ್ಮೀ.

ಕ್ರಾಸಿನಲ್ಲಿ ಬಸ್ಸು ನಿಂತಿತ್ತು. ಯಾವತ್ತೂ ಕೈ ಮಾಡಿದರೂ ನಿಲ್ಲದ ಬನವಾಸಿ ಬಸ್ಸು ತಾನಾಗಿ ನಿಂತಿತ್ತು. ಕಂಡಕ್ಟರ್ ಗನಿ ಬಾಗಿಲು ಬಡಿದು ‘ಹತ್ತು ನಿಮಿಷ ಚಾಕ್ಕೆ ನಿಲ್ತದೆ! ಕುಡಿಯೋರು ಇಳೀರಿ!’ ಎನ್ನುತ್ತಿದ್ದ. ಕಲ್ಲು ಬೆಂಚಿನ ಮೇಲೆ ಜನ ಕೂತಾಗಿತ್ತು. ಮುದುಕನೊಬ್ಬ ಬೆಂಚು ತಟ್ಟಿ, ‘ಯಾರ್ರೀ ಅಲ್ಲಿ? ಎರಡು ಬನ್ಸು, ಒಂದು ಚಾ’ ಎಂದು ಗೋಡೆಗೆ ಹೇಳುತ್ತಿದ್ದ.

ಅವರ ತಲೆಯ ಮೇಲೆ, ಕೆಂಪು ನೆರಳು ಕೊಟ್ಟ ಹಳದಿ ಅಕ್ಷರಗಳಲ್ಲಿ, ಗಾಲ್ಫ್ ಟ್ಯಾಂಗೋ ಹೋಟೆಲ್ ಎಂದಿತ್ತು. ಮೊದಲೆರಡು ಪದಗಳು ಇಕ್ಕಟ್ಟಿನಲ್ಲಿ ಮೈ ಕುಗ್ಗಿಸಿಕೊಂಡಿದ್ದವು. ‘ಹೋಟೆಲ್’ ಮಾತ್ರ ಕಾಲು ಚಾಚಿ ಮಲಗಿತ್ತು. ಪಕ್ಕದಲ್ಲಿ ಚಾ ಕಪ್ಪು, ಹೊಗೆ ಸಮೇತ.

ಹೆಗಡೆಯವರ ಬಾಯಿಂದ ಬಂದ ಮೊದಲ ಶಬ್ದ ಯಾವ ಭಾಷೆಯದೂ ಆಗಿರಲಿಲ್ಲ.

ಬಣ್ಣದ ಡಬ್ಬಿ ಮುಚ್ಚುತ್ತಿದ್ದ ಮುಜೀಬ್ ನಗುತ್ತ ಎದ್ದು ಬಂದ. ‘ಬೆಳಕು ಹರಿಯೋದ್ರೊಳಗೆ ಬಂದು ಬರೆದೆ, ಹೆಗಡೇರೆ. ಹೋಟೆಲ್ ಅನ್ನೋದನ್ನ ದೊಡ್ಡದು ಮಾಡಿದೆ, ಗಿರಾಕಿಗೆ ದೂರದಿಂದ ಕಾಣಲಿ ಅಂತ. ಕಪ್ಪು ನನ್ನ ಕಡೆಯಿಂದ.’

‘ಅಯ್ಯೋ ಪಾಪಿ! ಯಾರು ಹೇಳಿದ್ರೋ ಹೀಂಗೆ ಬರಿಯಲೆ?’

‘ನೀವೇ! ತಿರುಗಿ ಕೇಳಿದೆ. ಸರಿ ಅಂದ್ರಿ!’

‘ತಾಯಿ ಹೆಸರಿನ ಜಾಗದಲ್ಲಿ ಹೋಟೆಲ್ ಹೇಳಿ ಇದ್ರೆ ಅನುಮಾನ ಬರಲಿಲ್ವಾ ನಿನಗೆ?’

‘ಬಂತು. ಕೇಳಿದ್ರೆ ಬೈತೀರಿ ಅಂತ ಕೇಳಲಿಲ್ಲ’ ಎಂದ ಮುಜೀಬ್. ಈಗ ಅವನ ನಗುವೂ ಹೋಗಿತ್ತು. ‘ನಿಮ್ಮ ಹತ್ರ ಏನಾದ್ರೂ ಎರಡು ಸಲ ಕೇಳೋ ಧೈರ್ಯ ಯಾರಿಗೆ ಉಂಟು ಹೇಳಿ?’

ಅಷ್ಟರಲ್ಲಿ ಊರು ಸೇರಿತು. ಯಾರೋ ಫೋನಿನಲ್ಲಿ ಗಾಲ್ಫ್ ಅಂದರೇನೆಂದು ಹುಡುಕಿ, ದೊಡ್ಡವರು ಸಣ್ಣ ಚೆಂಡು ಹೊಡೆಯಲು ಬಳಸುವ ವಿಸ್ತಾರವಾದ ಹುಲ್ಲುಗಾವಲಿನ ಚಿತ್ರ ತೋರಿಸಿದರು. ಹುಣಸೆಕಟ್ಟೆಯಲ್ಲಿ ಅಷ್ಟು ವಿಸ್ತಾರದ ಹುಲ್ಲು ಇರುವುದು ಗೋಮಾಳದಲ್ಲಿ ಮಾತ್ರ. ‘ಗೋಮಾಳ ಹೋಯ್ತು! ಎಮ್ಮಿ ಎಲ್ಲಿ ಮೇಸೂದ್ರಿ?’ ಎಂದು ಒಬ್ಬಾಕೆ ಕೂಗಿದಳು. ಇನ್ನೊಬ್ಬರು ಟ್ಯಾಂಗೋ ಹುಡುಕಿದರು. ಗಂಡಸು ಹೆಂಗಸು ಕೆನ್ನೆಗೆ ಕೆನ್ನೆ ತಾಗಿಸಿ ಕುಣಿಯುವ ವಿಡಿಯೋ ಕೈಯಿಂದ ಕೈಗೆ ದಾಟಿತು. ಊರಿನ ಹಿರಿಯರು ಅದು ಎಷ್ಟು ಕೆಟ್ಟದ್ದೆಂದು ಖಚಿತ ಮಾಡಿಕೊಳ್ಳಲು ಇನ್ನೊಮ್ಮೆ ನೋಡಿದರು. ಗೋಮಾಳದಲ್ಲಿ ರೆಸಾರ್ಟು, ರೆಸಾರ್ಟಿನಲ್ಲಿ ಕುಣಿತ, ಅದಕ್ಕೆಲ್ಲ ಹೆಗಡೆಯವರ ತಾಯಿಯ ಹೆಸರಿನ ಮರೆ ಎಂದು ತೀರ್ಮಾನವಾಯಿತು.

ಹೆಗಡೆಯವರ ಜೇಬಿನಲ್ಲಿ ಫೋನು ಕೂಗಿತು. ಸಿದ್ದಾಪುರದ ಭಾವ. ಈ ಸಲ ಆತ ಕಾನೂನು ಪಾಲಿಸಿದ. ‘ಗೋವಿಂದ ತಿಮ್ಮಣ್ಣ ಹೆಗಡೆಯವರೇ, ಸಿದ್ದಾಪುರದಿಂದ ನಿಂಗಳ ಭಾವ ಮಾತಾಡದು. ಹೋಟೆಲ್ ಮಾಡಿದ್ರಡ. ನಮ್ಮ ಮಗ ವೈಭವ ಸುಮ್ಮನೆ ಮನೆಲಿ ಕೂತಿದ್ದ. ಗಲ್ಲಾದ ಮೇಲೆ ಕೂರಿಸಲಾಗ್ತಾ?’

ಹೆಗಡೆಯವರು ಫೋನನ್ನು ಬಣ್ಣದ ಡಬ್ಬಿಗೆ ಎಸೆಯಲು ಹೋದರು. ಅಭಿಜ್ಞಾ ಹಿಡಿದುಕೊಂಡಳು.

ಇದೇ ಸಮಯಕ್ಕೆ, ಉದ್ಘಾಟನೆಗೆಂದು ಹೂವಿನ ಸೀರೆ ಉಟ್ಟು, ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ ಶಿಲ್ಪಾ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು. ಹಾವೇರಿ ಕಡೆಯವರು. ಹೆಲ್ಮೆಟ್ ತೆಗೆಯುವ ಮೊದಲೇ ಬೋರ್ಡು ಓದಿದರು.

‘ಏನ್ರೀ ಹೆಗಡೇರ ಇದು? ತಂಗುದಾಣ ಅಂತ ಜಾಗ ತಗೊಂಡು ಹೋಟೆಲ್ ಮಾಡೀರಿ?’

‘ಗಾಲ್ಫೂ ಐತ್ರಿ ಮೇಡಂ’ ಎಂದ ಹೊನ್ನ.

‘ಡಾನ್ಸೂ ಐತ್ರಿ’ ಎಂದಳು ಎಮ್ಮೆಯಾಕೆ.

‘ಇದು ಪಂಚಾಯ್ತಿ ಜಾಗ ಐತ್ರಿ! ನಾ ಉದ್ಘಾಟನಾ ಮಾಡಾಂಗಿಲ್ಲ. ಇವತ್ತೇ ಸುತ್ತ ತಗಡು ಹೊಡಿಸಿ ಬಂದ್ ಮಾಡಸ್ತೀನಿ.’

ತಗಡು ಎಂದದ್ದು ಕೇಳಿ ಹೆಗಡೆಯವರು ಸುತ್ತ ನೋಡಿದರು. ಉದ್ಘಾಟನೆಗೆಂದು ತರಿಸಿದ ಮೈಕು ಅಲ್ಲೇ ಕಂಬಕ್ಕೆ ಕಟ್ಟಿತ್ತು. ಮೈಕು ಕೈಗೆ ಸಿಕ್ಕರೆ ತಾನು ಜಗತ್ತನ್ನೇ ಸರಿಮಾಡಬಲ್ಲೆನೆಂದು ನಂಬಿದ್ದ ಅವರು ಅದನ್ನು ಕಿತ್ತುಕೊಂಡರು.

‘ಸಾರ್ವಜನಿಕರ ಗಮನಕ್ಕೆ! ಗಾಲ್ಫ್ ಎಂದರೆ ಗಾಲ್ಫ್ ಅಲ್ಲ. ಟ್ಯಾಂಗೋ ಎಂದರೆ ಟ್ಯಾಂಗೋ ಅಲ್ಲ. ಹೋಟೆಲ್ ಎಂದರೆ ಹೋಟೆಲ್ ಅಲ್ಲವೇ ಅಲ್ಲ!’

‘ಮತ್ತ ಬನ್ಸು?’ ಎಂದ ಬೆಂಚಿನ ಮುದುಕ.

‘ಬನ್ಸೂ ಇಲ್ಲ! ಇವು ವಿಮಾನದವರು ಹೇಳುವ ಅಕ್ಷರಗಳು! ಜಿ, ಟಿ, ಎಚ್ ಎಂದರ್ಥ!’

ಶಿಲ್ಪಾ ಮೇಡಂ ಸೊಂಟದ ಮೇಲೆ ಕೈ ಇಟ್ಟರು. ‘ಜಿ, ಟಿ, ಎಚ್ ಅಂದ್ರ ಗೋವಿಂದ ತಿಮ್ಮಣ್ಣ ಹೆಗಡೆ. ಅಂದ್ರ ನೀವ! ಪಂಚಾಯ್ತಿ ಜಾಗದಾಗ ನಿಮ್ಮ ಹೆಸರು ನೀವ ಬರಿಸ್ಕೊಂಡೀರಿ!’

ಇದು ಹೆಗಡೆಯವರಿಗೆ ಹೊಳೆದೇ ಇರಲಿಲ್ಲ. ತಾಯಿಯ ಮತ್ತು ತಮ್ಮ ಹೆಸರಿನ ಮೂರೂ ಅಕ್ಷರ ಒಂದೇ. ಜನರ ನಡುವೆ ನಿಂತಿದ್ದ ಲಕ್ಷ್ಮೀ ಮಗಳ ಕಡೆ ನೋಡಿದಳು.

‘ಎನ್ನದಲ್ಲ, ಎನ್ನದಲ್ಲ! ನಮ್ಮ ಆಯಿದು!’

‘ತಾಯಿಯವ್ರ ಹೆಸರೇನ್ರಿ?’

ಜನ ಒಬ್ಬರ ಮುಖ ಒಬ್ಬರು ನೋಡಿದರು.

‘ನಾವು ಹೆಗಡೇರ ಅಬ್ಬೆ ಅಂತಿದ್ವಿ’ ಎಂದ ಹೊನ್ನ. ಅವನ ದನಿ ಮೊದಲ ಸಲ ತಗ್ಗಿತ್ತು. ‘ಹಬ್ಬಕ್ಕ ಕರದು ಕಜ್ಜಾಯ ಕೊಡ್ತಿದ್ರು. ಹೆಸರು... ಕೇಳ್ಲಿಲ್ರಿ.’

‘ನಾನು ವಾನಳ್ಳಿ ಅಮ್ಮ ಅಂತಿದ್ದೆ’ ಎಂದ ಗನಿ, ಬಸ್ಸಿನ ಮೆಟ್ಟಿಲ ಮೇಲಿಂದ. ‘ವಾನಳ್ಳಿಗೇ ಅಲ್ವಾ ಹೋಗ್ತಿದ್ದದ್ದು.’

ಎಲ್ಲರೂ ಹೆಗಡೆಯವರತ್ತ ತಿರುಗಿದರು. ಕರ್ನಾಟಕದ ಅರ್ಧ ಊರುಗಳ ಹೆಸರನ್ನು ಉಸಿರು ಕಟ್ಟದೆ ಹೇಳಬಲ್ಲ ಆ ಮನುಷ್ಯ ತಾಯಿಯ ಹೆಸರನ್ನು ಗಟ್ಟಿಯಾಗಿ ಒಮ್ಮೆಯೂ ಹೇಳಿದವನಲ್ಲ. ಮಕ್ಕಳು ಹಾಗೆ ಹೇಳುವ ಪದ್ಧತಿಯೂ ಇಲ್ಲ. ನಾಲಿಗೆ ತಡವರಿಸಿತು.

‘ಗ... ಗಾ... ಗಾಲ್ಫ್...’

ಯಾರೋ ಕಿಸಕ್ಕೆಂದರು. ಹೆಗಡೆಯವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದರು. ‘ಗಂಗಾ! ಗಂಗಾ ತಿಮ್ಮಣ್ಣ ಹೆಗಡೆ!’

ಮೈಕು ಕುಂಯ್ ಎಂದಿತು. ಹುಣಸೆ ಮರದ ಹಕ್ಕಿಗಳು ಎದ್ದವು. ಹೊನ್ನ ಸೋಸುವ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡ.

ಶಿಲ್ಪಾ ಮೇಡಂ ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿದರು. ‘ಹಂಗಂದ್ರ ಅದನ್ನ ಬರಿಸ್ರಿ. ನಾ ಇಲ್ಲೇ ನಿಲ್ತೀನಿ. ನನ್ನ ಕಣ್ಣ ಮುಂದ ಆಗ್ಬೇಕು. ಇಲ್ಲಂದ್ರ ತಗಡು.’

‘ಬರೆಯೋದಕ್ಕೇನು’ ಎಂದ ಮುಜೀಬ್. ‘ಹಿಡಿಯೋದಿಲ್ಲ ಅಂತ ನಿನ್ನೆಯೇ ಹೇಳಿದ್ದೆ. ದಿವಂಗತದಿಂದ ತಂಗುದಾಣದವರೆಗೆ ಅಷ್ಟೂ ಬರೆದ್ರೆ ಇರುವೆ ಸಾಲು ಹೋದಂಗೆ ಕಾಣ್ತದೆ.’

ಈಗ ಎಲ್ಲರಿಗೂ ಸಲಹೆ ಕೊಡುವ ಹುಮ್ಮಸ್ಸು. ಪಟ್ಟಿಯನ್ನು ಸುತ್ತಿ ಹಿಂಬದಿಗೂ ಬರೆಯಿರಿ ಎಂದರು. ಒಂದು ಕಂಬಕ್ಕೆ ಒಂದು ಪದ ಎಂದರು. ‘ಕಂಟ್ರೋಲು ಸ್ಟಾಪು’ ಎಂದರೆ ಸಾಕು ಎಂದ ಹೊನ್ನ. ಹೆಗಡೆಯವರು ಒಬ್ಬೊಬ್ಬರನ್ನೂ ಮೈಕಿನಲ್ಲಿ ಬೈದರು. ಬನವಾಸಿ ಬಸ್ಸಿನ ಡ್ರೈವರು ಹಾರ್ನು ಹೊಡೆದ, ಅವನನ್ನೂ ಬೈದರು.

ಈ ಗದ್ದಲದಲ್ಲಿ ಲಕ್ಷ್ಮೀ ಹೋಗಿ ಕಲ್ಲು ಬೆಂಚಿನ ತುದಿಯಲ್ಲಿ, ಜನರಿಗೆ ಬೆನ್ನು ಹಾಕಿ ಕುಳಿತಿದ್ದಳು. ಅಭಿಜ್ಞಾ ಅಲ್ಲಿಗೆ ಹೋಗಿ ಬಗ್ಗಿ ಏನೋ ಕೇಳಿ, ವಾಪಸ್ ಬಂದಳು. ‘ಅಪ್ಪಾ, ಎಂತ ಬರೆಯವು ಹೇಳಿ ಅಮ್ಮಂಗೆ ಗೊತ್ತಿದ್ದಡ.’

‘ಏ ಇದೇ!’ ಎಂದರು ಹೆಗಡೆಯವರು ಮೈಕಿನಲ್ಲೇ. ‘ಎಂತ? ಹೇಳು ಬೇಗ!’

ಬೆಂಚಿನಿಂದ ಉತ್ತರವಿಲ್ಲ.

‘ಏ ಇದೇ! ಕೇಳ್ತಾ?’

ಲಕ್ಷ್ಮೀ ಸೆರಗಿನ ಅಂಚಿನ ಒಂದು ನೂಲು ಎಳೆದಳು.

‘ಏಏ ಇದೇಏಏ!’ ದಾಸನಕೊಪ್ಪದವರೆಗೆ ಕೇಳುವಂತೆ ಕೂಗಿದರು. ‘ಕಿವಿ ಕೇಳ್ತಿಲ್ಯ ಇದಕ್ಕೆ?’

‘ಕೇಳ್ತು ಅಪ್ಪಾ’ ಎಂದಳು ಅಭಿಜ್ಞಾ. ಅವಳ ಮುಖವೂ ಕೆಂಪಾಗಿತ್ತು. ‘ಯಾರನ್ನ ಕರೆದದ್ದು ಹೇಳಿ ಗೊತ್ತಾಗಿದ್ದಿಲ್ಲೆ. ಹೆಸರು ಹೇಳದೇ ಕರೆದ್ರೆ ಟವರು ಉತ್ತರ ಕೊಡದಿಲ್ಲೆ.’

‘ಟವರು ಆನು!’

‘ಸಹಾಯ ಬೇಕಾದದ್ದು ನಿಂಗೆ. ಮೇಲೆ ಹಾರ್ತಾ ಇಪ್ಪವ ನೀನು. ಕೆಳಗೆ ದಾರಿ ಗೊತ್ತಿಪ್ಪದು ಅಮ್ಮಂಗೆ.’

ಶಿಲ್ಪಾ ಮೇಡಂ ಗಡಿಯಾರ ನೋಡಿದರು. ಗನಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಿದ್ದ. ಹೆಗಡೆಯವರು ಕೆಂಪಾದರು, ಕಪ್ಪಾದರು, ಒಮ್ಮೆ ಕೆಮ್ಮಿದರು. ಕೊನೆಗೆ ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಶುರುಮಾಡಿದರು.

‘ಪ್ರಯಾಣಿಕರ ಗಮನಕ್ಕೆ. ಸಿದ್ದಾಪುರದಿಂದ ಹೊರಟು, ಶಿರಸಿ ಮಾರ್ಗವಾಗಿ ಹುಣಸೆಕಟ್ಟೆ ಕ್ರಾಸಿಗೆ ಆಗಮಿಸಿ, ನಮ್ಮ ಮನೆಯಲ್ಲಿ ತಂಗಿರುವ... ಶ್ರೀಮತಿ...’ ಇಲ್ಲಿ ಮೈಕು ಕೆಟ್ಟಿತೆಂದು ಎಲ್ಲರೂ ತಿಳಿದರು. ಕೆಟ್ಟಿರಲಿಲ್ಲ. ‘ಶ್ರೀಮತಿ ಲಕ್ಷ್ಮೀ ಗೋವಿಂದ ಹೆಗಡೆಯವರು ಎಲ್ಲಿದ್ದರೂ ಕೂಡಲೇ ಕಂಟ್ರೋಲರನ್ನು ಸಂಪರ್ಕಿಸತಕ್ಕದ್ದು.’

ಲಕ್ಷ್ಮೀ ಎದ್ದಳು. ಸೆರಗು ಸರಿಮಾಡಿಕೊಂಡು, ಜನರ ನಡುವೆ ನೇರ ನಡೆದು ಬಂದು, ಗಂಡನ ಕೈಯಲ್ಲಿದ್ದ ಮೈಕಿನ ಎದುರು ನಿಂತಳು.

‘ಇಲ್ಲೇ ಇದ್ದಿ, ಗೋವಿಂದ. ಎಂತಡ?’

ಗಂಡನ ಹೆಸರು! ಮೈಕಿನಲ್ಲಿ! ಅದೂ ಬರೀ ಹೆಸರು, ಹಿಂದಿಲ್ಲ ಮುಂದಿಲ್ಲ. ಹೊನ್ನನ ಹೆಗಲಿನಿಂದ ಬಟ್ಟೆ ಜಾರಿ ಬಿತ್ತು. ಬನ್ಸಿನ ಮುದುಕ ಎದ್ದು ನಿಂತ.

ಹೆಗಡೆಯವರ ಗಂಟಲಿನಲ್ಲಿ ಒಂದು ದೊಡ್ಡ ಗುಡುಗು ಹೊರಟು ಅರ್ಧಕ್ಕೆ ಬಂದಿತ್ತು.

‘ಟವರು ಮೊಟಕು ಮಾಡ್ತು ಅಪ್ಪಾ’ ಎಂದಳು ಅಭಿಜ್ಞಾ. ‘ಇನ್ನು ನೀನೂ ಮಾಡ್ಲಕ್ಕು.’

ಗುಡುಗು ವಾಪಸ್ ಹೋಯಿತು.

ಲಕ್ಷ್ಮೀ ಮೈಕು ತಗೊಳ್ಳಲಿಲ್ಲ, ಗಂಡ ಹಿಡಿದಂತೆಯೇ ಮಾತನಾಡಿದಳು. ದನಿ ದೊಡ್ಡದಿರಲಿಲ್ಲ. ಆದರೆ ಎಷ್ಟೋ ವರ್ಷ ಕಾವಲಿಯ ಮೇಲೆ ಚುಂಯ್ ಎಂದದ್ದೆಲ್ಲ ಅದರಲ್ಲಿತ್ತು. ‘ಜಿ, ಟಿ, ಎಚ್ ಹೇಳಿದ್ರೆ ಇವ್ರೂ ಆಗ್ತು, ಅತ್ತೆಯೂ ಆಗ್ತು. ತಿಮ್ಮಣ್ಣ ಹೇಳದು ಮಾವನ ಹೆಸರು. ಹೆಗಡೆ ಹೇಳದು ಮನೆ ಗಂಡಸರೆಲ್ಲರ ಹೆಸರು. ಅವ್ರ್ಯಾರೂ ಇಲ್ಲಿ ಬಿಸಿಲಲ್ಲಿ ನಿಂತಿದ್ವಿಲ್ಲೆ. ನಿಂತದ್ದು ಅತ್ತೆ ಒಂದೇ. ಅದರ ಹೆಸರು ಗಂಗಾ. ಎರಡು ಅಕ್ಷರ.’ ಮುಜೀಬನ ಕಡೆ ತಿರುಗಿದಳು. ‘ಪಟ್ಟಿ ತುಂಬ ಬರಿ ಮಾರಾಯ. ಹಿಡೀತು.’

‘ಆರಾಮಾಗಿ ಹಿಡಿತದೆ ಅಕ್ಕಾ!’ ಎಂದು ಮುಜೀಬ್ ಡಬ್ಬಿಯ ಮುಚ್ಚಳ ಕಿತ್ತ.

ಬಿಳಿ ಬಣ್ಣ ಬಳಿದು, ಅದು ಆರುವ ತನಕ ಎಲ್ಲರೂ ಹೊನ್ನನ ಅಂಗಡಿಯಲ್ಲಿ ಚಾ ಕುಡಿದರು. ವರ್ಷದಲ್ಲಿ ಕಾಣದ ವ್ಯಾಪಾರವಾಯಿತು. ಮತ್ತೆ ಬರೆಯುವಾಗ ಕಪ್ಪಿನ ಚಿತ್ರ ಅಳಿಸಲು ಬಿಳಿ ಬಣ್ಣ ಸಾಲದಾಯಿತು. ಹೊನ್ನ ಮತ್ತೆ ಜಗಳಕ್ಕೆ ನಿಂತ. ಕಪ್ಪಿನ ಕೆಳಗೆ ಅವನ ಅಂಗಡಿಯ ಕಡೆಗೆ ಒಂದು ಬಾಣ ಬರೆದ ಮೇಲೆ ಸುಮ್ಮನಾದ. ಶಿಲ್ಪಾ ಮೇಡಂ ರಿಬ್ಬನ್ನು ಕತ್ತರಿಸಿ, ‘ಇನ್ನ ಮ್ಯಾಲೆ ಬೋರ್ಡ್ ಬರಿಸೂದಿದ್ರ ಲಕ್ಷ್ಮೀ ಅಕ್ಕಾರನ್ನ ಕೇಳಿ ಬರಿಸ್ರಿ’ ಎಂದು ಹೇಳಿ ಸ್ಕೂಟರು ಹತ್ತಿದರು.

ಬನವಾಸಿಗೆ ಹೋದ ಬಸ್ಸು ವಾಪಸ್ ಬಂತು. ತಾನಾಗಿ ನಿಂತಿತು. ಗನಿ ಬಾಗಿಲಿನಿಂದ ಹೊರಗೆ ಜೋತು, ಬೋರ್ಡು ಓದಿ, ಗಂಟಲು ತೆರೆದು ಕೂಗಿದ.

‘ಗಂಗಾ! ಗಂಗಾ ಇಳಿಯೋರು ಬರ್ರಿ! ಗಂಗಾ, ಗಂಗಾ, ಗಂಗಾ!’

ಪೂರ್ತಿ ಹೆಸರು ಹೇಳೋ ಎಂದು ಬೈಯಲು ಹೆಗಡೆಯವರು ಮೈಕು ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಗನಿ ಸೀಟಿ ಊದಿದ, ಬಸ್ಸು ಹೊರಟಿತು, ತಿರುವಿನ ಆಚೆಗೂ ಒಮ್ಮೆ ‘ಗಂಗಾ’ ಎಂದು ಕೇಳಿತು. ಹೆಗಡೆಯವರು ಕಲ್ಲು ಬೆಂಚಿನ ಮೇಲೆ, ಹೆಂಡತಿಯಿಂದ ಒಂದು ಮೊಳ ದೂರದಲ್ಲಿ ಕುಳಿತರು. ಶಲ್ಯದಿಂದ ಮುಖ ಒರೆಸಿಕೊಂಡರು, ಸ್ವಲ್ಪ ಜಾಸ್ತಿ ಹೊತ್ತು ಒರೆಸಿಕೊಂಡರು. ಮೈಕು ಇನ್ನೂ ಆನ್ ಇರುವುದು ಅವರಿಗೆ ನೆನಪಿರಲಿಲ್ಲ.

‘ಲಕ್ಷ್ಮೀ’ ಎಂದರು. ‘ಒಂದು ಲೋಟ ಚಾ ಸಿಗ್ತಾ?’

ಲಕ್ಷ್ಮೀ ತಲೆ ಎತ್ತಿ ಬಾಣದ ಕಡೆ ಬೆರಳು ತೋರಿಸಿದಳು.

‘ಹೊನ್ನನ ಹತ್ರ ಇದ್ದು, ಹೋಗಿ ಕುಡೀರಿ’ ಎಂದು ಇಡೀ ಹುಣಸೆಕಟ್ಟೆಗೆ ಕೇಳಿತು. ‘ಇದು ಹೋಟೆಲ್ ಅಲ್ಲ.’